ಸೋಮಣ್ಣನವರ ಎಂಟನೇ ವಾದ್ಯ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಂಗೀತ ಶಿಕ್ಷಕಿಯಾಗಿದ್ದಷ್ಟು ಕಾಲವೂ ನಾನು ದಿನಚರಿ ಬರೆದಿದ್ದೇನೆ. ಆ ಪುಸ್ತಕಗಳು ಈಗಲೂ ನನ್ನ ಹತ್ತಿರ ಇವೆ. ಆದರೆ ತೆಗೆದು ನೋಡಿದರೆ ನನಗೆ ಬೇಕಾದದ್ದು ಅವುಗಳಲ್ಲಿಲ್ಲ. ಯಾವ ಬಸ್ಸಿಗೆ ಹೋದೆ, ಬುತ್ತಿಗೆ ಏನು ಕಟ್ಟಿಕೊಂಡೆ, ಯಾರಿಗೆ ಯಾವ ದರ್ಜೆ ಕೊಟ್ಟೆ ಎಂಬುದೆಲ್ಲ ಇದೆ. ಒಂದು ಪರೀಕ್ಷೆಯ ದಿನ ಸಭಾಂಗಣದಲ್ಲಿ ಯಾವ ವೈರು ಯಾವ ಪೆಟ್ಟಿಗೆಗೆ ಹೋಗಿತ್ತು ಎಂಬುದಿಲ್ಲ. ನೆನಪಿನಲ್ಲಿ ನನ್ನ ಮುಂದೆ ಕಟ್ಟಿದ್ದ ಪರದೆ ನೀಲಿ ಬಣ್ಣದ್ದು. ದಿನಚರಿಯಲ್ಲಿ ಮಾರನೆಯ ದಿನ 'ಪರದೆಗೆ ಕಟ್ಟಿದ್ದ ಹಸಿರು ಹೊದಿಕೆ ಒಗೆದೆ' ಎಂದಿದೆ. ನನ್ನ ಕೈಬರಹವನ್ನೇ ನಂಬದಿರುವುದು ಹೇಗೆ? ಆದರೂ ಕಣ್ಣು ಮುಚ್ಚಿದರೆ ಅದು ನೀಲಿಯೇ.

ಶಾಲೆಯಲ್ಲಿ ನನ್ನ ಜಾಗಕ್ಕೆ ಈಗ ಬಂದಿರುವ ಹುಡುಗಿ ಹೋದ ತಿಂಗಳು ಮನೆಗೆ ಬಂದಿದ್ದಳು. ಯಾವುದೋ ವಾದ್ಯ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದಿದ್ದಾರೆ, ಹೋಗಲೇ ಎಂದು ಕೇಳಿದಳು. ಹೋಗು ಎಂದೆ. ಅವಳು ಗೇಟು ದಾಟಿದ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಎನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೈಸೂರಿನಲ್ಲಿ ಸಂಗೀತದಲ್ಲಿ ಎಂ.ಎ. ಮುಗಿಸಿ ನಾನು ನಂಜನಗೂಡಿನ ಒಂದು ಪ್ರೌಢಶಾಲೆಗೆ ಸೇರಿದೆ. ಪಾಠ ಮಾಡುವುದರ ಜೊತೆಗೆ ಸುತ್ತಮುತ್ತ ನಡೆಯುವ ಸಂಗೀತ ಪರೀಕ್ಷೆಗಳಿಗೆ ಸಹಾಯಕ ಪರೀಕ್ಷಕಿಯಾಗಿ ಹೋಗುವ ಕೆಲಸವೂ ಮೈಮೇಲೆ ಬಿತ್ತು. ಆಗ ನನ್ನ ಮೇಲಿನವರು ವೆಂಕಟನಾರಾಯಣ ಮೇಷ್ಟ್ರು. ತೆಳ್ಳಗಿನ ಆಳು, ಮಾತು ಕಡಿಮೆ. ನಾನು ಕೂತ ಮೊದಲ ಪರೀಕ್ಷೆಯಲ್ಲೇ ಒಬ್ಬ ಹುಡುಗಿ ಕೊಳಲು ನುಡಿಸಿದಳು. ಮೇಲಿನ ಸ್ಥಾಯಿ ಸೀಳುತ್ತಿತ್ತು, ಕೆಳಗಿನದು ಬರುತ್ತಲೇ ಇರಲಿಲ್ಲ. ನಾನು ಚಕಚಕನೆ ಕಡಿಮೆ ಅಂಕ ಬರೆದೆ. ಮೇಷ್ಟ್ರು ನನ್ನ ಹಾಳೆ ನೋಡಿ ಏನೂ ಅನ್ನದೆ ಎದ್ದು ಹೋಗಿ ಕೊಳಲು ಇಸಿದುಕೊಂಡರು. ಉಗುರಿನಿಂದ ಉದ್ದಕ್ಕೂ ಸವರಿ ನೋಡಿದರು. ತುದಿಯಲ್ಲಿ ಕೂದಲಿನಷ್ಟು ಸಣ್ಣ ಬಿರುಕಿತ್ತು. ಅಟೆಂಡರನ್ನು ಕಳಿಸಿ ಮೇಣದ ಬತ್ತಿ ತರಿಸಿ, ಕರಗಿಸಿ ತುಂಬಿ, ದಾರ ಸುತ್ತಿ, "ಈಗ ನುಡಿಸು ಮಗು" ಎಂದರು. ಅದೇ ಹುಡುಗಿ, ಅದೇ ಕೀರ್ತನೆ. ನಾನು ಬರೆದ ಅಂಕವನ್ನು ನಾನೇ ಹೊಡೆದುಹಾಕಬೇಕಾಯಿತು.

ಹೊರಗೆ ಬಂದಾಗ ಮೇಷ್ಟ್ರು ಹೇಳಿದ್ದು ಇಷ್ಟು: "ಮೊದಲು ವಾದ್ಯಕ್ಕೆ ಪರೀಕ್ಷೆ ಕಣಮ್ಮ, ಆಮೇಲೆ ಮಕ್ಕಳಿಗೆ."

ಇನ್ನೊಂದು ಅವರು ಹೇಳದೆ ಕಲಿಸಿದ್ದು. ಪರೀಕ್ಷೆಯ ದಿನ ಯಾರ ಮನೆಯ ಕಾಫಿಯನ್ನೂ ಅವರು ಮುಟ್ಟುತ್ತಿರಲಿಲ್ಲ. ಬುತ್ತಿ ಬಿಚ್ಚಿಕೊಂಡು ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು. ನಾನೂ ಹಾಗೇ ಮಾಡಿದೆ. ಈ ಕೆಲಸಕ್ಕೆ ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ತೀರ್ಪು ಕೊಡುವವರ ಪಕ್ಕ ಯಾರೂ ಕೂರುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಮಸ್ಕಾರ ಮಾಡಿದವರು ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುತ್ತಾರೆ. ಗೆದ್ದವರು, ಮಾತಾಡಿಸಿದರೆ ಜನ ಏನೆಂದುಕೊಳ್ಳುತ್ತಾರೋ ಎಂದು. ಸೋತವರದ್ದು ಹೇಳಬೇಕಾಗಿಲ್ಲ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಆ ದಾರಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬಹಳ ಸಲ ಕೂತಿದ್ದದ್ದು ನನ್ನ ಬ್ಯಾಗು.

ಪರದೆಯ ಯೋಚನೆ ನನ್ನದೇ. ಒಮ್ಮೆ ಭಾವಗೀತೆ ಸ್ಪರ್ಧೆಯಲ್ಲಿ ನಾನು ಮೊದಲ ಬಹುಮಾನ ಕೊಟ್ಟ ಹುಡುಗಿ ನಮ್ಮ ಶಾಲೆಯ ಗಣಿತದ ಮೇಡಂ ಮಗಳು. ಬೇಕಾದವರಿಗೆ ಕೊಟ್ಟಳು ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಅದು ಸುಳ್ಳು ಎಂದು ಜಗಳ ಆಡಬಹುದಿತ್ತು. ಆದರೆ ಸುಳ್ಳೇ ಎಂದು ನನಗೆ ಖಾತ್ರಿ ಇರಲಿಲ್ಲ. ಆ ಮಗುವನ್ನು ಕಂಡರೆ ನನಗೆ ಇಷ್ಟವಿತ್ತು. ಇಷ್ಟ ಎಷ್ಟು, ಕಿವಿ ಎಷ್ಟು ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ. ಮುಂದಿನ ಸಲದಿಂದ ಮನೆಯ ಹೊದಿಕೆಯೊಂದನ್ನು ತಂದು ಅಡ್ಡಲಾಗಿ ಹಗ್ಗಕ್ಕೆ ಕಟ್ಟಿ, ಅದರ ಈಚೆ ಕೂತೆ. ಹೆಸರು ಕರೆಯಬಾರದು, ನಂಬರು ಮಾತ್ರ. ಜನ ಮೆಚ್ಚಿದರು. ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ವೆಂಕಟನಾರಾಯಣ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ. "ಸ್ವರ ಕೆಟ್ಟಾಗ ಯಾರದ್ದು ತಪ್ಪು ಅಂತ ಕಣ್ಣಿಗೆ ಗೊತ್ತಾಗೋದಮ್ಮ. ಅದನ್ನೇ ಮುಚ್ಚಿಕೊಂಡ್ಯಾ?" ಎಂದರು. ವಯಸ್ಸಾದವರು ಹೊಸದನ್ನು ಒಪ್ಪುವುದಿಲ್ಲ ಎಂದುಕೊಂಡು ಬಂದೆ.

ತೊಂಬತ್ತರ ದಶಕದ ನಡುವೆ ನಮ್ಮ ಎರಡೂ ತಾಲ್ಲೂಕುಗಳಲ್ಲಿ ಆರ್ಕೆಸ್ಟ್ರಾಗಳ ಕಾಲ. ಗಣಪತಿ ಕೂರಿಸಿದಲ್ಲಿ, ಮದುವೆಯ ಆರತಕ್ಷತೆಯಲ್ಲಿ, ರಾಜ್ಯೋತ್ಸವಕ್ಕೆ, ಎಲ್ಲದಕ್ಕೂ ಆರ್ಕೆಸ್ಟ್ರಾ ಬೇಕು. ವಾದ್ಯದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಎರಡು ವರ್ಷಕ್ಕೊಮ್ಮೆ ಪ್ರತಿ ವಾದ್ಯಕ್ಕೂ ಎ, ಬಿ, ಸಿ ಎಂದು ದರ್ಜೆ ಕೊಟ್ಟು ಪಟ್ಟಿ ಅಚ್ಚು ಹಾಕಿಸುತ್ತಿದ್ದರು. ಕಾರ್ಯಕ್ರಮ ಇಡುವವರು ಆ ಪಟ್ಟಿ ನೋಡಿ ಕರೆಯುತ್ತಿದ್ದರು. ಸಿ ಬಂದವರನ್ನು ಕರೆಯುವವರಿಲ್ಲ. ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿ ತಿ. ನರಸೀಪುರದಲ್ಲಿ ಟೈಲರು, ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡು ಬಾರಿಸುತ್ತಿದ್ದರು. ನನ್ನನ್ನು ತೀರ್ಪಿಗೆ ಕರೆಯಲು ಶಾಲೆಗೇ ಬಂದರು.

"ನಮ್ಮೋರಿಗೆ ನಮ್ಮೋರೇ ನಂಬರ್ ಆಕುದ್ರೆ ವದೆ ಬೀಳ್ತವೆ ಮೇಡಂ," ಎಂದರು. "ನೀವಾದ್ರೆ ಯಾರಿಗೂ ಬೇಕಾದೋರಲ್ಲ."

ನಾನು ನಕ್ಕೆ. ಆ ದಿನದ ಪುಟದಲ್ಲಿ ಆ ವಾಕ್ಯವನ್ನು ಹಾಗೇ ಬರೆದುಕೊಂಡಿದ್ದೇನೆ, ಕೆಳಗೆ ಗೆರೆ ಎಳೆದಿದ್ದೇನೆ.

ನನ್ನ ತಮ್ಮನೇ ನಿಮ್ಮ ಸಂಘದಲ್ಲಿದ್ದಾನಲ್ಲ ಎಂದು ನಾನು ನೆನಪಿಸಿದೆ. ಮೋಹನ ನನಗಿರುವ ಒಬ್ಬನೇ ಒಡಹುಟ್ಟು. ತಿ. ನರಸೀಪುರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಿಂಗಳಿಗೆ ಎರಡು ಭಾನುವಾರ ನನ್ನ ಊಟ ಅವನ ಮನೆಯಲ್ಲೇ. ಎರಡೂ ತಾಲ್ಲೂಕಿಗೆ ಬೇಸ್ ಗಿಟಾರಿನಲ್ಲಿ ಎ ದರ್ಜೆ ಇದ್ದವನು ಅವನೊಬ್ಬನೇ. ನಾಲ್ಕು ದಪ್ಪ ತಂತಿಯ ಆ ಗಿಟಾರು ಹಾಡಿನ ತಳದಲ್ಲಿ ಗುಂ ಎಂದು ನಿಂತಿರುತ್ತದೆ. ಜನ ಅದನ್ನು ಗಮನಿಸುವುದಿಲ್ಲ, ನಿಲ್ಲಿಸಿದರೆ ಮಾತ್ರ ಏನೋ ಕಡಿಮೆಯಾಯಿತು ಎನ್ನುತ್ತಾರೆ. ಅದಕ್ಕೆಂದೇ ಮೋಹನ ಬಡಗಿಯಿಂದ ದೊಡ್ಡ ಪೆಟ್ಟಿಗೆ ಮಾಡಿಸಿ, ಮೈಸೂರಿನಿಂದ ತಂದ ಸ್ಪೀಕರ್ ಕೂರಿಸಿ, ಕಪ್ಪು ಬಣ್ಣ ಬಳಿದಿದ್ದ. ಎತ್ತಲು ಇಬ್ಬರು ಬೇಕು. ಅದನ್ನು ಅವನು ಆನೆ ಎನ್ನುತ್ತಿದ್ದ. ಸಂಘದವರೆಲ್ಲ ಹಾಗೇ ಕರೆಯುತ್ತಿದ್ದರು.

ಪುಟ್ಟಸ್ವಾಮಿ, ತಮ್ಮ ಇದ್ದರೇನಂತೆ, ನಿಮ್ಮ ಪರದೆ ಇದೆಯಲ್ಲ ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಂಡಿದ್ದಕ್ಕೆ ದಿನಚರಿಯಲ್ಲಿ ಗುರುತಿಲ್ಲ.

ಮೊದಲ ಸಲ ಸುಗಮವಾಗಿ ಮುಗಿಯಿತು. ಎರಡನೆಯ ಸಲ ಹೋಗುವ ಹೊತ್ತಿಗೆ ಒಂದು ಸುದ್ದಿ ಹಬ್ಬಿತ್ತು. ಹೆಮ್ಮರಗಾಲದ ಸೋಮಣ್ಣ ಈ ಸಲ ಬೇಸ್ ಗಿಟಾರಿಗೆ ಹೆಸರು ಕೊಟ್ಟಿದ್ದಾರೆ ಎಂದು.

ಸೋಮಣ್ಣನವರನ್ನು ನಮ್ಮ ಕಡೆ ಕಾಣದವರಿರಲಿಲ್ಲ. ಕ್ಲಾರಿಯೊನೆಟ್, ಸ್ಯಾಕ್ಸೊಫೋನ್, ಕೊಳಲು, ಪಿಟೀಲು, ಮ್ಯಾಂಡೊಲಿನ್, ತಬಲ, ಕೀಬೋರ್ಡ್, ಏಳರಲ್ಲೂ ಎ ದರ್ಜೆ. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಹಾಡುವವರ ಹೆಸರಿಗಿಂತ ದಪ್ಪಕ್ಷರದಲ್ಲಿ 'ಏಳು ವಾದ್ಯದ ಸೋಮಣ್ಣ' ಎಂದಿರುತ್ತಿತ್ತು. ಒಂದೇ ಹಾಡಿನ ನಡುವೆ ಪಿಟೀಲು ಇಟ್ಟು ಕೊಳಲು ಎತ್ತಿಕೊಂಡು, ಕೊಳಲು ಸೊಂಟಕ್ಕೆ ಸಿಕ್ಕಿಸಿ ತಬಲಕ್ಕೆ ಕೂರುವುದನ್ನು ನಾನೂ ಹಿಂದಿನ ಸಾಲಿನಲ್ಲಿ ಹಿಮ್ಮಡಿ ಎತ್ತಿ ನಿಂತು ನೋಡಿದ್ದೇನೆ. ಅಂಥವರಿಗೆ ಎಂಟನೆಯದೇಕೆ, ಅದೂ ಹಿಂದೆ ನಿಂತು ನುಡಿಸುವ ಬೇಸ್ ಗಿಟಾರು ಯಾಕೆ ಎಂದು ಎಲ್ಲರೂ ಮಾತಾಡಿಕೊಂಡರು. ಆಸೆ ಎಂದರು ಕೆಲವರು. ಪುಟ್ಟಸ್ವಾಮಿ, "ಗಿನ್ನಿಸ್‌ಗೆ ಓಯ್ತಾರೇನೋ ಬುಡಿ," ಎಂದರು. ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು. ಇರುವ ಒಂದು ಕೆಲಸವನ್ನು ಮೋಹನನಿಂದ ಕಿತ್ತುಕೊಳ್ಳಬೇಕೇ ಎಂದು. ಆ ಸಿಟ್ಟು ದಿನಚರಿಯಲ್ಲಿದೆ. 'ಎಲ್ಲ ಒಬ್ಬರಿಗೇ ಬೇಕು' ಎಂದು ಬರೆದಿದ್ದೇನೆ. ಇದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆ ನಡೆದದ್ದು ತಿ. ನರಸೀಪುರದ ಒಂದು ಶಾಲೆಯ ಸಭಾಂಗಣದಲ್ಲಿ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. 'ಮೋಹನ ಆಗಲೇ ಬಂದಿದ್ದ' ಎಂದು ದಿನಚರಿಯಲ್ಲಿದೆ, ಏನು ಮಾಡುತ್ತಿದ್ದ ಎಂದಿಲ್ಲ. ಆ ಸಂಘದಲ್ಲಿ ವೈರು, ಮೈಕು ಎಂದರೆ ಅವನನ್ನೇ ಕರೆಯುತ್ತಿದ್ದದ್ದು ನಿಜ. ನಾನು ಹೊದಿಕೆ ಕಟ್ಟಿ ಈಚೆ ಕೂತೆ.

ಬೇಸ್ ಗಿಟಾರಿಗೆ ಇದ್ದದ್ದು ಎರಡೇ ನಂಬರು. ಮೊದಲನೆಯವನು ನುಡಿಸಿದಾಗ ಕುರ್ಚಿಯ ಕೈ ಅದುರಿತು. ಆನೆಯ ಸದ್ದು ಯಾರಿಗೆ ಗೊತ್ತಾಗುವುದಿಲ್ಲ? ಪರದೆ ಕಟ್ಟಿ ಏನು ಉಪಯೋಗ ಎಂದು ಆಗಲೇ ಅನ್ನಿಸಬೇಕಿತ್ತು. ನಾನು ಎ ಬರೆದೆ. ಮೋಹನ ಅವತ್ತು ಚೆನ್ನಾಗಿಯೇ ನುಡಿಸಿದ್ದ, ಅದರಲ್ಲಿ ಈಗಲೂ ಸಂಶಯವಿಲ್ಲ.

ಎರಡನೆಯ ನಂಬರು ಕರೆದ ಮೇಲೆ ಆ ಕಡೆ ಏನೋ ಎಳೆದಾಡುವ ಸದ್ದು, ಸಣ್ಣ ಮಾತು, ಒಂದು ಕೆಮ್ಮು. ಆಮೇಲೆ ಗಿಟಾರು. ಗುಂ ಎನ್ನುವುದು ಇರಲಿಲ್ಲ. ತಂತಿಗೆ ಬೆರಳು ತಗಲುವ ಟಕ್ ಎನ್ನುವ ಸದ್ದು, ನಂತರ ಖಾಲಿ, ಮತ್ತೊಂದು ಟಕ್. ಸ್ವರ ಹುಟ್ಟುತ್ತಿದ್ದಂತೆ ಸಾಯುತ್ತಿತ್ತು. ಮಧ್ಯೆ ಮಧ್ಯೆ ಬಹಳ ಹೊತ್ತು ಏನೂ ಇಲ್ಲ. ನುಡಿಸುವವರು ಮುಂದಿನ ಜಾಗ ಹುಡುಕುತ್ತಿದ್ದಾರೆ ಎಂದುಕೊಂಡೆ. ಇಷ್ಟು ದೊಡ್ಡ ಹೆಸರಿನವರು ತಯಾರಿಯಿಲ್ಲದೆ ಬಂದರಲ್ಲ ಎಂದುಕೊಂಡೆ.

ಸದ್ದು ನಿಂತ ಮೇಲೂ ಮುಂದಿನದು ಬರಬಹುದು ಎಂದು ಪೆನ್ನು ಹಿಡಿದು ಕಾದೆ. ಇನ್ನೇನಾದರೂ ನುಡಿಸುವುದಿದೆಯೇ ಎಂದು ಪರದೆಯ ಈಚೆಯಿಂದ ಕೇಳಿದೆ.

"ಇಷ್ಟೇಯ ಮೇಡಮ್ಮೋರೆ," ಎಂದಿತು ಸೋಮಣ್ಣನವರ ದನಿ.

ಎದ್ದು ಆ ಕಡೆ ಹೋಗಬಹುದಿತ್ತು. ಎಂಟು ಹೆಜ್ಜೆ ಇರಬಹುದು. ಪರದೆ ಎತ್ತಿದರೆ ನಿಯಮ ಮುರಿದಂತೆ ಎಂದು ಕೂತೇ ಇದ್ದೆ. ಸಿ ಬರೆದೆ. ಷರಾ ಬರೆಯಬೇಕಾದ ಕಡೆ, 'ಸ್ವರ ನಿಲ್ಲುವುದಿಲ್ಲ. ಬೆರಳು ಹಗುರ. ವಾದ್ಯ ಇನ್ನೂ ಕೈಗೆ ಬಂದಿಲ್ಲ' ಎಂದು ಬರೆದೆ. ಆ ವಾಕ್ಯ ಬರೆದಾಗ ಸ್ವಲ್ಪ ಹೆಮ್ಮೆಯಾಗಿತ್ತು ಎಂದು ನೆನಪು. ಹೆಸರಿಗೆ ಹೆದರದೆ ಬರೆದೆನಲ್ಲ ಎಂದು.

ಎಲ್ಲರ ಎದುರು ದರ್ಜೆಯನ್ನೂ ಷರಾವನ್ನೂ ಓದಿ ಹಾಳೆ ಕೊಡುವುದು ಸಂಘದ ಪದ್ಧತಿ. ಪುಟ್ಟಸ್ವಾಮಿ ಓದಿದರು. 'ಕೈಗೆ ಬಂದಿಲ್ಲ' ಎನ್ನುವಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸೋಮಣ್ಣನವರು ಮುಂದೆ ಬಂದು ಎರಡೂ ಕೈಯಲ್ಲಿ ಹಾಳೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ನನಗೆ ನಮಸ್ಕಾರ ಮಾಡಿ ಹೋದರು. ಮುಖ ಒಂದು ಕಡೆಗೆ ಎಳೆದಂತಿತ್ತು. ಬೇಸರಕ್ಕೆ ಹಾಗಾಗಿದೆ ಎಂದುಕೊಂಡೆ.

ಮಧ್ಯಾಹ್ನ ಬುತ್ತಿ ಗೋಡೆಗೆ ಮುಖ ಮಾಡಿ ಉಂಡೆ. ಸಂಜೆ ಬಸ್ಸಿಗೆ ಮುಂಚೆ ಮೋಹನನ ಮನೆಗೆ ಹೋದಾಗ, ಸೋಮಣ್ಣ ಚೆನ್ನಾಗಿ ನುಡಿಸಲಿಲ್ಲ ಅಲ್ಲವೇನೋ ಎಂದು ಕೇಳಿದೆ. ಅವನು ರೇಡಿಯೋ ಒಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

"ನಿಂಗೆ ಕೇಳಿಸಿದ್ದಷ್ಟನ್ನ ಬರೆದೆ. ಬಿಡಕ್ಕ," ಎಂದ.

ಇದು ದಿನಚರಿಯಲ್ಲಿದೆ. ತಮ್ಮ ನನ್ನನ್ನು ಮೆಚ್ಚಿದ ಎಂಬ ಅರ್ಥದಲ್ಲಿ ಬರೆದುಕೊಂಡಿದ್ದೇನೆ.

ಅದಾಗಿ ಸ್ವಲ್ಪ ಕಾಲಕ್ಕೆ ಪೋಸ್ಟರುಗಳಲ್ಲಿ ಏಳು ವಾದ್ಯದ ಸೋಮಣ್ಣ ಕಾಣಿಸುವುದು ಕಡಿಮೆಯಾಗಿ, ನಿಂತೇಹೋಯಿತು. ಬೇರೆ ಊರಿಗೆ ಹೋಗಿರಬೇಕು ಎಂದರು. ನಾನು ವಿಚಾರಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಮೋಹನನ ಬೇಸ್ ಗಿಟಾರಿಗೂ ಕೆಲಸವಿಲ್ಲದಾಯಿತು. ಹೊಸ ಕೀಬೋರ್ಡುಗಳು ಬಂದವು, ಎಡಗೈಯ ಒಂದು ಬೆರಳು ಇಟ್ಟರೆ ತಾಳವೂ ಬೇಸೂ ತಾನಾಗಿ ಬರುತ್ತಿತ್ತು. ಆಮೇಲೆ ಹಾಡಿನ ಹಿನ್ನೆಲೆಯನ್ನು ಮೊದಲೇ ಸಿ.ಡಿ.ಯಲ್ಲಿ ತಂದು ಹಾಕಿ ಹಾಡುವವರು ಬಂದರು. ಸಂಘ ಮುಚ್ಚಿತು, ಪಟ್ಟಿ ಅಚ್ಚಾಗುವುದು ನಿಂತಿತು. ಮೋಹನ ಮೊಬೈಲ್ ರಿಪೇರಿ ಕಲಿತ. ನಾನು ಯಾವ ಜಾಗವನ್ನು ಅವನಿಗೆ ಉಳಿಸಿಕೊಟ್ಟೆ ಎಂದುಕೊಂಡಿದ್ದೆನೋ ಆ ಜಾಗವೇ ಉಳಿಯಲಿಲ್ಲ.

ಎರಡು ಸಾವಿರ ದಾಟಿದ ಮೇಲೆ, ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ, ಶಾಲೆಯ ಹಾರ್ಮೋನಿಯಮ್ಮಿನ ಒಂದು ರೀಡು ಕೂತುಹೋಯಿತು. ನಂಜನಗೂಡಿನ ಒಂದು ಓಣಿಯಲ್ಲಿ ವಾದ್ಯ ರಿಪೇರಿ ಮಾಡುವವರಿದ್ದಾರೆ ಎಂದು ಯಾರೋ ಹೇಳಿದರು. ಆಟೋದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಸಿಮೆಂಟು ನೆಲದ ಮೇಲೆ ಕಾಲು ಚಾಚಿ ಕೂತಿದ್ದವರು ಸೋಮಣ್ಣನವರು. ಕೂದಲು ಪೂರ್ತಿ ಬಿಳಿಯಾಗಿತ್ತು. ಮುಖ ಅದೇ ಕಡೆಗೆ ಎಳೆದಿತ್ತು.

ನಾನು ಬಾಗಿಲಲ್ಲೇ ನಿಂತೆ. ಅವರೇ ಮಾತಾಡಿದರು. "ಕುಂತ್ಕಳಿ ಮೇಡಮ್ಮೋರೆ. ನಂಬರ್ ಆಕದೇನಿಲ್ಲ ಇಲ್ಲಿ."

ಹಾರ್ಮೋನಿಯಮ್ ಬಿಚ್ಚುತ್ತ ಅವರು ಅದೂ ಇದೂ ಹೇಳಿದರು. ನಾನು ಕೇಳಿದ್ದಕ್ಕೋ, ಅವರಾಗಿಯೋ ನೆನಪಿಲ್ಲ. ಆ ಪರೀಕ್ಷೆಗೆ ಒಂದು ವರ್ಷ ಮೊದಲೇ ಮುಖಕ್ಕೆ ಗಾಳಿ ಹೊಡೆದು ತುಟಿ ಹಿಡಿತ ಹೋಗಿತ್ತು. ಕ್ಲಾರಿಯೊನೆಟ್, ಸ್ಯಾಕ್ಸೊಫೋನ್, ಕೊಳಲು ಮೂರೂ ಹೋದವು. ಎರಡು ಬೆರಳು ಸೆಟೆದುಕೊಂಡು ಪಿಟೀಲು, ಮ್ಯಾಂಡೊಲಿನ್, ತಬಲ, ಕೀಬೋರ್ಡ್ ಒಂದೊಂದಾಗಿ ಬಿಟ್ಟವು. ಯಾರಿಗೂ ಹೇಳಿರಲಿಲ್ಲ, ಪೋಸ್ಟರಿನಲ್ಲಿ ಹೆಸರು ಬಂದರೂ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಬೇಸ್ ಗಿಟಾರಿನ ಮೆಟ್ಟು ಅಗಲ, ತಂತಿ ದಪ್ಪ, ಓಟ ಕಡಿಮೆ. ಉಳಿದ ಬೆರಳುಗಳಿಗೆ ಅದೊಂದು ಒಗ್ಗುತ್ತಿತ್ತು. ಎಂಟನೆಯದು ಎಂದು ಊರು ಮಾತಾಡಿಕೊಂಡದ್ದು ಅವರಿಗೆ ಉಳಿದಿದ್ದ ಒಂದೇ ವಾದ್ಯ.

ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ತಲೆ ಎತ್ತಿದಾಗ ಮೂಲೆಯಲ್ಲಿ, ಹಳೆಯ ಹಾರ್ಮೋನಿಯಮ್ಮುಗಳ ನಡುವೆ, ಕಪ್ಪು ಪೆಟ್ಟಿಗೆಯೊಂದು ಕಂಡಿತು. ಬಣ್ಣ ಎದ್ದಿತ್ತು, ಆದರೂ ಗುರುತು ಸಿಕ್ಕಿತು.

"ಆನೆ ಅಲ್ಲವಾ ಇದು?" ಎಂದೆ.

"ಊ. ನಿಮ್ ತಮ್ಮನೋರೇ ತಂದು ಇಟ್ಬುಟ್ಟೋದ್ರು. ಏನೂ ಇಸ್ಕಳ್ನಿಲ್ಲ. ಕಾಪಿನೂ ಕುಡೀನಿಲ್ಲ."

ಮೋಹನ ನನಗೆ ಅದನ್ನು ಹೇಳಿರಲಿಲ್ಲ. ಮಾರಿದೆ ಎಂದಿದ್ದ.

ಸೋಮಣ್ಣನವರು ಗೋಡೆಯ ಮೊಳೆಯಿಂದ ಗಿಟಾರು ಇಳಿಸಿಕೊಂಡರು. "ಕೇಳ್ತೀರಾ? ಇಲ್ಲ, ಪರದೆ ಕಟ್ಬೇಕಾ?" ಎಂದರು. ದನಿಯಲ್ಲಿ ಕುಹಕ ಇರಲಿಲ್ಲ. ಇತ್ತೇನೋ, ನಾನು ಕೇಳಿಸಿಕೊಳ್ಳಲಿಲ್ಲ.

ನುಡಿಸಿದರು. ಮೊದಲ ಸ್ವರ ಕಿವಿಗಿಂತ ಮೊದಲು ಬರಿಗಾಲಿಗೆ ಬಂತು. ತಗಡಿನ ಮುಚ್ಚಳದಲ್ಲಿ ಬಿಚ್ಚಿಟ್ಟಿದ್ದ ಸಣ್ಣ ಸ್ಕ್ರೂಗಳು ಸದ್ದು ಮಾಡಿದವು. ಒಂದು ಸ್ವರ ಹಾಕಿ, ಅದು ನೆಲದ ತುಂಬ ಹರಡುವ ತನಕ ಬಿಟ್ಟು, ಇನ್ನೇನು ತೆಳುವಾಗುತ್ತದೆ ಎನ್ನುವಾಗ ಮುಂದಿನದು. ನಾಲ್ಕನೆಯದೋ ಐದನೆಯದೋ ಸ್ವರಕ್ಕೆ ನನಗೆ ಗುರುತು ಹತ್ತಿತು. ಅದೇ ನಡೆ. ಅವತ್ತು ನಾನು ಖಾಲಿ ಎಂದುಕೊಂಡ ಕಡೆಗಳಲ್ಲೆಲ್ಲ ಸ್ವರ ನಿಂತಿತ್ತು. ಅಷ್ಟು ಕಡಿಮೆ ಬೆರಳಿನಲ್ಲಿ ಅಷ್ಟು ತುಂಬಿಸುವವರನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ಕೇಳಿಲ್ಲ. ಮೋಹನನಿಗೆ ಎ ಕೊಟ್ಟ ಕೈ ಇದಕ್ಕೆ ಏನು ಕೊಡಬೇಕಿತ್ತು? ಅದಕ್ಕಿಂತ ಮೇಲಿನ ಅಕ್ಷರ ನಮ್ಮ ಪಟ್ಟಿಯಲ್ಲಿರಲಿಲ್ಲ.

ಅವತ್ತು ಇದು ನನಗೆ ಕೇಳಿಸಲಿಲ್ಲ ಎಂದೆ.

"ಎಲ್ಲಿಂದ ಕೇಳುಸ್ತದೆ? ಗ್ವಾಡೆ ಮ್ಯಾಲಿನ ಆರ್ನಿಗೆ ತಗುಲ್ಸಿದ್ರು. ಆ ಆರ್ನಲ್ಲಿ ಎಡ್ಮೇಷ್ಟ್ರು ಬಯ್ಯದು ಕೇಳುಸ್ತದೆ. ಇದು ಕೇಳಕಿಲ್ಲ."

ಪ್ರಾರ್ಥನೆಗೆ, ಭಾಷಣಕ್ಕೆ ಇರುವ ಆ ಅಗಲ ಬಾಯಿಯ ಹಾರ್ನಿನಲ್ಲಿ ತಗ್ಗಿನ ಸ್ವರ ಹೊರಗೆ ಬರುವುದೇ ಇಲ್ಲ. ಇದು ರೇಡಿಯೋ ರಿಪೇರಿ ಮಾಡುವ ಯಾರಿಗೂ ಗೊತ್ತಿರುವ ಮಾತು. ಎಂ.ಎ. ಮಾಡಿದ ನನಗೆ ಗೊತ್ತಿರಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಯೋಳ್ಲಿ? ಏಳು ವಾದ್ಯದ ಸೋಮಣ್ಣ ಪೀಕರ್ ಸರಿಗಿಲ್ಲ ಅಂತಾವ್ನೆ ಅಂದ್ರೆ ಜನ ನಗಾಡ್ತಿರ್ನಿಲ್ವಾ?" ಸ್ವಲ್ಪ ಹೊತ್ತು ತಂತಿ ಒರೆಸಿದರು. "ನೀವು ಎದ್ದು ಬತ್ತೀರಿ ಅನ್ಕಂಡಿದ್ದೆ. ಪರದೆ ಎತ್ತಿ ನೋಡ್ತೀರಿ ಅಂತ ವಸಿ ವತ್ತು ಕಾದೆ."

ಆನೆ ಅಲ್ಲೇ ಇತ್ತಲ್ಲ, ನನ್ನ ತಮ್ಮನನ್ನು ಕೇಳಲಿಲ್ಲವೇ ಎಂದು ನಾನು ಕೇಳಿದಾಗ ಮಾತ್ರ ಅವರು ಕೈ ನಿಲ್ಲಿಸಿದರು.

"ಅದು ನನ್ ಬಾಯಲ್ಲಿ ಬ್ಯಾಡಿ ಮೇಡಮ್ಮೋರೆ," ಎಂದರು.

ಹೊಸ ಹಾಳೆಯ ಮೇಲೆ ಸರಿಯಾದ ದರ್ಜೆ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ಎಂಥ ಮೂರ್ಖತನ ಎಂದು ಹೇಳುವಾಗಲೇ ಗೊತ್ತಾಯಿತು. ಅವರು ನಕ್ಕರು, ಮುಖದ ಒಂದೇ ಪಕ್ಕದಲ್ಲಿ. ಈಗ ಬರೆದುಕೊಟ್ಟರೆ ಯಾರಿಗೆ ತೋರಿಸಲಿ ಎಂದರು. ಆದರೆ ಹಳೆಯ ಹಾಳೆ ಎಲ್ಲಿ ಎಂದು ನಾನು ಕೇಳಿದ್ದಕ್ಕೆ, ಹುಡುಕದೆ, ಯೋಚಿಸದೆ, ಷರಾವನ್ನು ಬಾಯಿಪಾಠವಾಗಿ ಹೇಳಿದರು. ಮೂರೂ ವಾಕ್ಯ. ನಾನು ಬರೆದ ಕ್ರಮದಲ್ಲೇ.

ಆ ಹಾರ್ಮೋನಿಯಮ್ಮಿನ ರೀಡು ಈಗಲೂ ಸರಿಯಾಗಿದೆ. ಸೋಮಣ್ಣನವರು ಹೋಗಿ ವರ್ಷಗಳಾದವು. ಅಂಗಡಿ ಇದ್ದ ಜಾಗದಲ್ಲಿ ಈಗ ಜೆರಾಕ್ಸ್ ಇದೆ. ಆನೆ ಎಲ್ಲಿ ಹೋಯಿತೋ ತಿಳಿಯದು. ಅವರು ಇದ್ದಾಗ ಇನ್ನೆರಡು ಸಲ ಹೋಗಿದ್ದೆ, ಕೆಲಸದ ನೆಪದಲ್ಲಿ. ಆಮೇಲೆ ನೆಪ ಸಿಗಲಿಲ್ಲ. ನೆಪವಿಲ್ಲದೆ ಹೋಗುವುದು ನನಗೆ ಬರುವುದಿಲ್ಲ. ಈ ಕೆಲಸ ಕಲಿಸಿದ ಅಭ್ಯಾಸವೋ, ನಾನೇ ಹಾಗೋ.

ಹೊಸದಾಗಿ ಬಂದ ಹುಡುಗಿಗೆ ಹೇಳಬೇಕೆಂದಿದ್ದದ್ದು ಇಷ್ಟೇ. ಕೂರುವ ಮೊದಲು ಆ ಕಡೆ ಹೋಗಿ ನೋಡು. ವಾದ್ಯ ಮುಟ್ಟಿ ನೋಡು, ವೈರು ಎಲ್ಲಿಗೆ ಹೋಗಿದೆ ನೋಡು. ಜನ ಏನಾದರೂ ಅನ್ನಲಿ. ವೆಂಕಟನಾರಾಯಣ ಮೇಷ್ಟ್ರು ನನಗೆ ಮೊದಲ ದಿನವೇ ಹೇಳಿದ್ದನ್ನು ನಾನು ನನ್ನ ಹೊದಿಕೆಯಿಂದಲೇ ಮುಚ್ಚಿದೆ.

ಸೋಮಣ್ಣನವರ ಅಂಗಡಿಗೆ ಮೊದಲ ಸಲ ಹೋಗಿಬಂದ ವಾರವೇ ನಾನು ತಿ. ನರಸೀಪುರಕ್ಕೆ ಹೋಗಿದ್ದೆ. ಆ ಪ್ರಶ್ನೆಯನ್ನು ಬಸ್ಸಿನಲ್ಲಿ ಬಿಳಿಗೆರೆ ದಾಟುವವರೆಗೂ ಮನಸ್ಸಿನಲ್ಲಿ ತಿದ್ದಿದೆ, ಆಪಾದನೆಯಂತೆ ಕೇಳಬಾರದು ಎಂದು. ಒಂದು ಉತ್ತರ ಬಂದರೆ ತಪ್ಪು ಪೂರ್ತಿ ನನ್ನದು. ಇನ್ನೊಂದು ಬಂದರೆ ಅರ್ಧ ಅವನದು. ನನಗೆ ಯಾವುದು ಬೇಕಿತ್ತು? ಅರ್ಧ ಇಳಿಸಿಕೊಳ್ಳುವ ಆಸೆಯಿಂದಲೇ ಹೊರಟೆನೇ? ಗೊತ್ತಿಲ್ಲ.

ಮೋಹನ ಬಿಸಿ ಕಬ್ಬಿಣದ ಮೊನೆಯಿಂದ ಯಾವುದೋ ಮೊಬೈಲಿಗೆ ಬೆಸುಗೆ ಹಾಕುತ್ತಿದ್ದ. ನಾನು ಕೇಳಿದೆ. ಅವನು ಬೆಸುಗೆಯ ಮೇಲೆ ಊದಿದ. ಕಬ್ಬಿಣವನ್ನು ಸ್ಟ್ಯಾಂಡಿಗಿಟ್ಟ, ಸ್ವಿಚ್ಚು ಆರಿಸಿದ. "ಬಸ್ಸಿಗೆ ಹೊತ್ತಾಯ್ತು ಕಣಕ್ಕ," ಎಂದು ನನ್ನ ಬ್ಯಾಗು ಎತ್ತಿಕೊಂಡು ಸ್ಟ್ಯಾಂಡಿನವರೆಗೂ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವ ತನಕ ಕೆಳಗೆ ನಿಂತಿದ್ದ. ಅಂದಿನಿಂದ ಭಾನುವಾರದ ಊಟ ತಾನಾಗಿ ನಿಂತಿತು. ಹಬ್ಬಕ್ಕೆ ಬರುತ್ತಾನೆ. ಮನೆಯ ಫ್ಯಾನು, ಮಿಕ್ಸಿ ನೋಡಿ ಸರಿಮಾಡಿ ಹೋಗುತ್ತಾನೆ. ನಾನು ಮತ್ತೆ ಕೇಳಿಲ್ಲ. ಒಮ್ಮೆ ಕೇಳಿದ್ದು ಸಾಕು, ಅವನಿಗೆ ನೆನಪಿದೆ ಎಂದು ನನಗೆ ಗೊತ್ತು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪೂ ದಿನಚರಿಯೂ ಒಂದನ್ನೊಂದು ಒಪ್ಪುತ್ತವೆ, ಅಕ್ಷರಕ್ಕೆ ಅಕ್ಷರ:

"ಮೋಹನ, ಸೋಮಣ್ಣನವರು ಅವತ್ತು ನಿನ್ನ ಹತ್ತಿರ ಆನೆ ಕೇಳಿದ್ರಾ?"